ಬೆಳಿಗ್ಗೆ 11 ಗಂಟೆಗೆ ನಿಮ್ಮ ಮಗು ಕ್ಲಾಸಿನಲ್ಲಿ ಏನು ಮಾಡುತ್ತಿದೆ? – ಸಮನ್ವಯ ಶಿಕ್ಷಣದ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಮನ್ವಯ ಶಿಕ್ಷಣ ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳೂ ಉಳಿದ ಮಕ್ಕಳ ಜೊತೆಗೇ ಒಂದೇ ಕ್ಲಾಸಿನಲ್ಲಿ ಕಲಿಯುವುದು. ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಒಬ್ಬ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ) ಮೇಡಂ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ಇದ್ದು, ಶಾಲೆಯಿಂದ ಶಾಲೆಗೆ ಓಡಾಡಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಅವರ ಟೀಚರ್‌ಗಳಿಗೂ ನೆರವಾಗುವ ಶಿಕ್ಷಕಿ. 13 ವರ್ಷದಿಂದ ಇದೇ ಕೆಲಸ. ಪ್ರಶ್ನೆ ಕೇಳುವಾಗ ಮಗುವಿನ ಹೆಸರು, ಶಾಲೆಯ ಹೆಸರು ಹಾಕಬೇಡಿ. ಫೋಟೋ ಕೂಡ ಬೇಡ.

ಪ್ರಶ್ನೆ (ಒಬ್ಬ ತಾಯಿ): ನಮಸ್ತೆ ಮೇಡಂ. ನನ್ನ ಮಗಳಿಗೆ 6 ವರ್ಷ. ಡೌನ್ ಸಿಂಡ್ರೋಮ್ ಇದೆ. ಎರಡು ವರ್ಷ ಅಂಗನವಾಡಿಗೆ ಹೋಗಿದ್ದಾಳೆ, ಎಲ್ಲರ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದಳು. ಈಗ ಮನೆ ಹತ್ತಿರದ ಖಾಸಗಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಲು ಹೋದೆ. ‘ನಮ್ಮಲ್ಲಿ ಸ್ಪೆಷಲ್ ಟೀಚರ್ ಇಲ್ಲ, ಬೇರೆ ಮಕ್ಕಳ ಮನೆಯವರು ಒಪ್ಪಲ್ಲ, ವಿಶೇಷ ಶಾಲೆಗೆ ಹಾಕಿ, ಅವಳಿಗೇ ಒಳ್ಳೆಯದು’ ಅಂದರು. ಅವಳು ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವರು ಹೀಗೆ ಬೇಡ ಅನ್ನಬಹುದಾ?

ಉತ್ತರ: ಇಲ್ಲಮ್ಮ, ಹಾಗೆ ಅನ್ನುವ ಹಾಗಿಲ್ಲ. ಅವಳ ಎದುರಿಗೇ ಅಂದಿದ್ದು ಓದಿ ಹೊಟ್ಟೆ ಉರಿಯಿತು.

ಮೊದಲು ಕಾನೂನು ಹೇಳಿಬಿಡುತ್ತೇನೆ, ಅದು ನಿಮ್ಮ ಕೈಯಲ್ಲಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ದುಡ್ಡು ಪಡೆಯುವ ಶಾಲೆಗಳಿಗೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಇರುವ ಎಲ್ಲ ಶಾಲೆಗಳಿಗೂ ಸೇರಿದ್ದು. ಖಾಸಗಿ ಶಾಲೆಗೂ ಮಾನ್ಯತೆ ಬೇಕಲ್ವಾ? ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದರಲ್ಲಿದೆ. ಅದೇ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಗೆ ಹೋಗಬಹುದು, ಇಲ್ಲವೇ ವಿಶೇಷ ಶಾಲೆಗೆ ಹೋಗಬಹುದು. ಆಯ್ಕೆ ಮಗುವಿನದು, ಅಂದರೆ ನಿಮ್ಮ ಮನೆಯದು. ಶಾಲೆಯ ಆಫೀಸಿನದ್ದಲ್ಲ. ಇನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಅಪ್ಪ-ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವುದನ್ನೇ ತಡೆಯುತ್ತದೆ.

‘ಸ್ಪೆಷಲ್ ಟೀಚರ್ ಇಲ್ಲ’ ಅನ್ನುವುದು ಟೀಚರ್ ಬೇಕು ಎಂದು ಕೇಳಲು ಕಾರಣ. ಮಗು ಬೇಡ ಅನ್ನಲು ಕಾರಣ ಅಲ್ಲ.

ಈಗ ಮಾಡಬೇಕಾದ್ದು. ಇಲ್ಲಿಯವರೆಗೆ ನಡೆದದ್ದೆಲ್ಲ ಬಾಯಿಮಾತು. ನಾಳೆ ಅವರೇ ‘ನಾವು ಹಾಗೆ ಹೇಳೇ ಇಲ್ಲ’ ಅನ್ನಬಹುದು. ಅರ್ಧ ಪುಟದ ಅರ್ಜಿ ಬರೆಯಿರಿ: ‘ನನ್ನ ಮಗಳನ್ನು ಒಂದನೇ ತರಗತಿಗೆ ದಾಖಲು ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಇಂಥ ತಾರೀಖು ಬಂದಾಗ ಇಂಥ ಕಾರಣ ಹೇಳಿ ನಿರಾಕರಿಸಿದ್ದೀರಿ. ದಾಖಲಾತಿ ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು.’ ಎರಡು ಪ್ರತಿ ಮಾಡಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಈ ಒಂದು ಹಾಳೆ ಎಷ್ಟು ಶಾಲೆಗಳ ದನಿ ಬದಲಿಸಿದೆ ಅನ್ನುವುದನ್ನು ನಾನೇ ನೋಡಿದ್ದೇನೆ. ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ದೂರು ಕೊಡಿ, ಜಿಲ್ಲೆಯ ಉಪನಿರ್ದೇಶಕರಾದ ಡಿಡಿಪಿಐಗೆ ಒಂದು ಪ್ರತಿ ಹೋಗಲಿ. ಅಲ್ಲೂ ಆಗಲಿಲ್ಲ ಅಂದರೆ ಬೆಂಗಳೂರಿನಲ್ಲಿ ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರ ಕಚೇರಿ ಇದೆ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಎರಡಕ್ಕೂ ದೂರು ಬರೆಯಬಹುದು, ವಕೀಲರೇ ಬೇಕು ಅಂತಿಲ್ಲ. ಈ ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ. ಆದರೆ ಮೊದಲ ದಿನವೇ ದಂಡದ ಮಾತು ಎತ್ತಬೇಡಿ. ಆ ಶಾಲೆಯೊಳಗೆ ನಿಮ್ಮ ಮಗಳು ವರ್ಷಗಟ್ಟಲೆ ಇರಬೇಕು.

ಇನ್ನೊಂದು ಮಾತು. ಪಕ್ಕದ ಬೀದಿಯ ಸರ್ಕಾರಿ ಶಾಲೆಯನ್ನೂ ಒಂದು ಸಲ ನೋಡಿಕೊಂಡು ಬನ್ನಿ. ಎರಡು ಕಡೆಯೂ ಒಂದೇ ಪ್ರಶ್ನೆ ಕೇಳಿ: ‘ಬೆಳಿಗ್ಗೆ 11 ಗಂಟೆಗೆ ನನ್ನ ಮಗಳು ಕ್ಲಾಸಿನಲ್ಲಿ ಏನು ಮಾಡುತ್ತಿರುತ್ತಾಳೆ?’ ಯಾಕೆ 11 ಅಂದರೆ, ಆ ಹೊತ್ತಿಗೆ ಪ್ರಾರ್ಥನೆ, ಹಾಜರಿ ಎಲ್ಲ ಮುಗಿದಿರುತ್ತದೆ. ಊಟದ ಹೊತ್ತು ಇನ್ನೂ ದೂರ. ನಿಜವಾದ ಪಾಠದ ಹೊತ್ತು ಅದು. ‘ಸುಮ್ನೆ ಕೂತಿರುತ್ತಾಳೆ, ಏನೂ ತೊಂದರೆ ಕೊಡಲ್ಲ ಬಿಡಿ’ ಅನ್ನುವ ಉತ್ತರ ಬಂದರೆ, ಅಲ್ಲಿ ಸಿಗುವುದು ಬರೀ ಸೀಟು. ‘ಉಳಿದವರು ಐದು ಪದ ಬರೆಯುವಾಗ ಅವಳು ಆ ಪದಗಳ ಚಿತ್ರ ಹೊಂದಿಸುತ್ತಾಳೆ’ ಅಂತ ಯಾರಾದರೂ ಹೇಳಿದರೆ, ಆ ಟೀಚರ್ ಕೈಗೆ ಮಗಳನ್ನು ಕೊಡಿ. ಕಟ್ಟಡ ಹೇಗಿದೆ ಎಂದು ಆಮೇಲೆ ನೋಡಿದರಾಯಿತು.

ಪ್ರಶ್ನೆ (ಸರ್ಕಾರಿ ಶಾಲೆಯ ಶಿಕ್ಷಕರು): ಮೇಡಂ, ನಾನು ನಲಿ-ಕಲಿ (ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ) ಕ್ಲಾಸ್ ತೆಗೆದುಕೊಳ್ಳುತ್ತೇನೆ. ಒಂದರಿಂದ ಮೂರನೇ ತರಗತಿವರೆಗೆ ಒಟ್ಟು 28 ಮಕ್ಕಳು, ನಾನೊಬ್ಬನೇ. ಈ ವರ್ಷ ಆಟಿಸಂ ಇರುವ ಒಬ್ಬ ಹುಡುಗ ಸೇರಿದ್ದಾನೆ. ಕೂರುವುದಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ದಿನಾ ಒಂದಲ್ಲ ಒಂದು ಹೊತ್ತಲ್ಲಿ ಎದ್ದು ಗೇಟಿನ ಕಡೆ ಓಡುತ್ತಾನೆ. ಅವನ ಹಿಂದೆ ಓಡಿದರೆ ಉಳಿದ 27 ಜನ ಏನಾಗಬೇಕು? ನನಗೆ ಇದರ ತರಬೇತಿಯೇ ಇಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಭಯ ಇದೆ, ರಸ್ತೆ ಹತ್ತಿರವೇ ಇದೆ.

ಉತ್ತರ: ಸರ್, ಭಯ ಇದೆ ಅಂತ ಇಷ್ಟು ನೇರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಕಷ್ಟ ನಿಜವಾದದ್ದು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನನ್ನ ಪಾಲಿಗಿರುವುದು ಇಡೀ ತಾಲ್ಲೂಕಿನ ಶಾಲೆಗಳು. ಒಂದು ಶಾಲೆಗೆ ಮತ್ತೆ ಹೋಗುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅದಕ್ಕೇ ಹೇಳುತ್ತೇನೆ, ಸಮನ್ವಯ ಶಿಕ್ಷಣ ನಡೆಯುವುದು ನಿಮ್ಮಂಥವರ ಕೈಯಲ್ಲಿ. ನಾನು ಬಂದು ಹೋಗುವವಳು.

ಮೊದಲು ಗೇಟಿಗೆ ಚಿಲಕ. ಇವತ್ತೇ. ಹೆಡ್‌ಮಾಸ್ಟರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿಗೂ) ಬರೆದುಕೊಡಿ. ಮಗುವಿನ ಜೀವದ ವಿಷಯ, ಇದಕ್ಕೆ ಯಾವ ತರಬೇತಿಯೂ ಬೇಡ.

ಆಮೇಲೆ ಮೂರು ದಿನ ಒಂದು ಕೆಲಸ ಮಾಡಿ. ಅವನು ಎದ್ದು ಓಡಿದ ಪ್ರತಿ ಸಲ ಗಡಿಯಾರ ನೋಡಿ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು ಅಂತ ಒಂದೇ ಸಾಲು ಬರೆದಿಡಿ. ಯಾಕೆ ಹೇಳುತ್ತೇನೆ ಅಂದರೆ, ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗ ದಿನಾ 11ರ ಆಸುಪಾಸಿನಲ್ಲಿ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ‘ಮೇಡಂ, ಇವನಿಗೆ ಪಾಠ ಅಂದರೆ ಆಗಲ್ಲ’ ಅಂತ ಟೀಚರ್ ಅಂದುಕೊಂಡಿದ್ದರು. ಒಂದು ದಿನ ನಾನು ಅವನ ಪಕ್ಕದಲ್ಲೇ ಚಾಪೆ ಮೇಲೆ ಕೂತೆ. 11ಕ್ಕೆ ಐದು ನಿಮಿಷ ಇದೆ ಅನ್ನುವಾಗ ಗೋಡೆಯಾಚೆ ಬಿಸಿಯೂಟದ ಕುಕ್ಕರ್ ಕೂಗಿತು. ಬೇಳೆ ಕುಕ್ಕರ್, ದೊಡ್ಡದು. ಉಳಿದ ಮಕ್ಕಳು ತಲೆಯೂ ಎತ್ತಲಿಲ್ಲ. ಇವನ ಮೈ ಪೂರ್ತಿ ಸೆಟೆದುಕೊಂಡಿತು, ಎದ್ದ, ಓಡಿದ. ಪಾಠಕ್ಕೂ ಅವನ ಓಟಕ್ಕೂ ಸಂಬಂಧವೇ ಇರಲಿಲ್ಲ.

ಅಡುಗೆಯವರನ್ನು ಕೇಳಿಕೊಂಡೆವು. ಕುಕ್ಕರ್ ಒಲೆಗೇರಿಸಿದ ಕೂಡಲೇ ಬಂದು ಬಾಗಿಲಲ್ಲಿ ನಿಂತು ಅವನಿಗೆ ಒಂದು ಕೆಂಪು ಕಾರ್ಡು ತೋರಿಸುತ್ತಿದ್ದರು. ‘ಈಗ ಸೀಟಿ ಬರುತ್ತೆ’ ಅಂತ ಅರ್ಥ. ಅವನು ಕಾರ್ಡು ಈಸಿಕೊಂಡು ಕ್ಲಾಸಿನ ಆ ಕೊನೆಗೆ ಹೋಗಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದ. ಮೂರು ಸೀಟಿ ಎಣಿಸಿ ವಾಪಸ್ಸು ಬಂದು ಕೂರುತ್ತಿದ್ದ. ಅವನು ಎಣಿಸಲು ಕಲಿತದ್ದೇ ಹಾಗೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಕ್ಲಾಸಿನ ಆ ತುದಿಗೆ ಹೋಗುವುದನ್ನೂ ಬಿಟ್ಟಿದ್ದ.

ನಿಮ್ಮಲ್ಲಿ ಕಾರಣ ಬೇರೆಯೇ ಇರಬಹುದು. ಏನೋ ಒಂದಂತೂ ಇರುತ್ತದೆ.

ನಿಮಗೆ ಒಂದು ದೊಡ್ಡ ಅನುಕೂಲ ಇದೆ ಸರ್. ನೀವಿರುವುದು ನಲಿ-ಕಲಿ ಕ್ಲಾಸಿನಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಎಲ್ಲರೂ ಒಂದೇ ದಿನ ಒಂದೇ ಪುಟ ಓದಬೇಕು ಎಂಬ ಹಠವೇ ಇಲ್ಲ. ಪ್ರತಿ ಮಗುವೂ ಕಲಿಕೆಯಲ್ಲಿ ತನ್ನದೇ ಮೆಟ್ಟಿಲಲ್ಲಿ ಇರುತ್ತದೆ. ಅವನೂ ತನ್ನ ಮೆಟ್ಟಿಲಲ್ಲಿ ಇರಲಿ. ಮಕ್ಕಳು ಗುಂಪು ಗುಂಪಾಗಿ ಕೂರುವ ಐದು ತಟ್ಟೆಗಳಲ್ಲಿ ಶಿಕ್ಷಕರ ಬೆಂಬಲದ ತಟ್ಟೆಯಲ್ಲೇ ಅವನನ್ನು ದಿನವಿಡೀ ಇಟ್ಟುಕೊಳ್ಳಬೇಡಿ, ನಿಮಗೂ ಸುಸ್ತು, ಅವನಿಗೂ. ಒಂದಿಷ್ಟು ಹೊತ್ತು ಗೆಳೆಯರ ಬೆಂಬಲದ ತಟ್ಟೆಗೆ ಕಳಿಸಿ. ಅಲ್ಲಿ ಶಾಂತ ಸ್ವಭಾವದ ಒಂದು ಮಗು ಇದ್ದೇ ಇರುತ್ತದೆ, ಅದರ ಪಕ್ಕ ಕೂರಿಸಿ. ಬಾಯಲ್ಲಿ ಹೇಳುವುದನ್ನು ಕಡಿಮೆ ಮಾಡಿ, ತೋರಿಸುವುದನ್ನು ಜಾಸ್ತಿ ಮಾಡಿ. ಹಾಡು, ಕಾರ್ಡು, ನೀರು, ಆಟ, ಊಟ, ಮನೆ ಎಂದು ದಿನದ ಆರು ಚಿತ್ರ ಬರೆದು ಗೋಡೆಗೆ ಅವನ ಕಣ್ಣೆತ್ತರಕ್ಕೆ ಅಂಟಿಸಿ. ಒಂದು ಮುಗಿದ ಕೂಡಲೇ ಅವನ ಕೈಯಿಂದಲೇ ಅದನ್ನು ತೆಗೆಸಿ. ಮುಂದೆ ಏನು ಬರುತ್ತದೆ ಅಂತ ಗೊತ್ತಾದ ಮಗು ಅಷ್ಟು ಹೆದರುವುದಿಲ್ಲ.

ಮೂರು ದಿನದ ಚೀಟಿ ಇಲ್ಲಿ ಹಾಕಿ. ಕಾಯುತ್ತಿರುತ್ತೇನೆ.

ಪ್ರಶ್ನೆ (ಒಬ್ಬ ತಂದೆ): ಮೇಡಂ, ಮಗಳು 5ನೇ ಕ್ಲಾಸ್. ಮಾತು ಚುರುಕು, ಕತೆ ಹೇಳಿದರೆ ಒಂದು ಅಕ್ಷರ ಬಿಡದೆ ವಾಪಸ್ಸು ಹೇಳುತ್ತಾಳೆ. ಆದರೆ ಪುಸ್ತಕ ಕೊಟ್ಟರೆ ತಡವರಿಸುತ್ತಾಳೆ. ಒತ್ತಕ್ಷರ ಬಂದರೆ ನಿಂತೇ ಬಿಡುತ್ತಾಳೆ. ಸೋಮಾರಿ ಅಂತ ಶಾಲೆಯಲ್ಲಿ ಹೇಳುತ್ತಾರೆ. ನಾನೂ ಎರಡು ಸಲ ಹೊಡೆದಿದ್ದೇನೆ. ಇದು ಡಿಸ್‌ಲೆಕ್ಸಿಯಾ ಇರಬಹುದಾ?

ಉತ್ತರ: ಇರಬಹುದು ಸರ್. ನೋಡದೆ ಹೌದು ಅನ್ನಲಾರೆ. ಆದರೆ ನೀವು ಬರೆದದ್ದು ಓದಿದರೆ ಸೋಮಾರಿತನ ಅಂತೂ ಅನ್ನಿಸುತ್ತಿಲ್ಲ. ಹೊಡೆಯುವುದನ್ನು ಇವತ್ತಿಗೆ ನಿಲ್ಲಿಸಿ. ಅವಳ ಹತ್ತಿರ ಕೂತು ‘ನನಗೆ ಗೊತ್ತಾಗಲಿಲ್ಲ ಮಗಾ’ ಅಂತ ಹೇಳಿ. ಮಕ್ಕಳಿಗೆ ಅಪ್ಪನ ಬಾಯಿಂದ ಈ ಮಾತು ಬೇಕಾಗಿರುತ್ತದೆ.

ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಹಲಗೆ ಕಾಣದ ಮಗುವನ್ನು ದಡ್ಡಿ ಅಂತ ಎರಡು ವರ್ಷ ಕೂರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ಅವಳ ಪುಸ್ತಕದ ಒಂದು ಪ್ಯಾರಾ ಅವಳಿಂದ ಓದಿಸಿ, ಮೂರು ಪ್ರಶ್ನೆ ಕೇಳಿ. ಇನ್ನೊಂದು ಪ್ಯಾರಾ ನೀವೇ ಓದಿ ಹೇಳಿ, ಮೂರು ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಎಲ್ಲದಕ್ಕೂ ಉತ್ತರ ಕೊಟ್ಟು, ಓದಿದಾಗ ಒಂದಕ್ಕೂ ಕೊಡದಿದ್ದರೆ, ತೊಂದರೆ ಬುದ್ಧಿಯಲ್ಲಿ ಇಲ್ಲ. ಅಕ್ಷರದಿಂದ ಅರ್ಥಕ್ಕೆ ಹೋಗುವ ದಾರಿಯಲ್ಲಿ ಇದೆ.

ಕನ್ನಡದಲ್ಲಿ ಇದು ಕಾಣಿಸಿಕೊಳ್ಳುವ ರೀತಿಯೇ ಬೇರೆ. ಅಕ್ಷರಮಾಲೆ ಗಿಳಿಪಾಠದ ಹಾಗೆ ಬರುತ್ತದೆ. ‘ಕಮಲ’, ‘ಗರಗಸ’ ಓದುತ್ತಾರೆ. ಕಾಗುಣಿತ ಶುರುವಾದ ಮೇಲೆ ಜಾರುತ್ತದೆ. ದೀರ್ಘ ಬಿಟ್ಟು ‘ಕಾಲು’ ಹೋಗಿ ‘ಕಲು’ ಆಗುತ್ತದೆ. ಒತ್ತು ಬಿಟ್ಟು ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ಪ ಮತ್ತು ಷ, ಮ ಮತ್ತು ವ ಅದಲು ಬದಲು. ಎರಡನೇ ಕ್ಲಾಸಿನಲ್ಲಿ ಇದೆಲ್ಲ ಎಲ್ಲ ಮಕ್ಕಳಲ್ಲೂ ಇರುತ್ತದೆ. ಐದನೇ ಕ್ಲಾಸಿನಲ್ಲೂ ಹಾಗೇ ಇದ್ದರೆ ತೋರಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಪರೀಕ್ಷೆ ಮಾಡುತ್ತಾರೆ. ದೂರ ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಕೇಂದ್ರ ಇದೆಯಾ ವಿಚಾರಿಸಿ, ಅಲ್ಲಿಂದ ಶುರು ಮಾಡಿ. ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಕೊಡುವಂಥದ್ದು, ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ.

1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಮಾತ್ರ ಇತ್ತು, ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಅದೂ ಇದೆ. ಹಾಗಾಗಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಕೇಳುವ ಹಕ್ಕು ಇವಳಿಗೂ ಇದೆ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂದಿದೆ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಆಯಿತು. ವೈಕಲ್ಯ ಶೇಕಡಾ 40 ಮುಟ್ಟಿಲ್ಲ ಅನ್ನುವ ಒಂದೇ ಕಾರಣಕ್ಕೆ ಬರೆದುಕೊಡುವವರನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬ ಯುಪಿಎಸ್‌ಸಿ ಅಭ್ಯರ್ಥಿ ತಂದ ಕೇಸು ಅದು. ನಮ್ಮ ಮಕ್ಕಳಿಗೆಲ್ಲ ಅದರಿಂದ ದೊಡ್ಡ ಬಲ ಬಂತು. ಎಸ್‌ಎಸ್‌ಎಲ್‌ಸಿ ರಿಯಾಯಿತಿಗೆ ಹೆಡ್‌ಮಾಸ್ಟರ್ ಮೂಲಕ ಮುಂಚೆಯೇ ಅರ್ಜಿ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕಷ್ಟ.

ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿಗೂ ಕಾಯ್ದೆಯಲ್ಲಿ ಜಾಗ ಇದೆ. ಇದರಲ್ಲಿ ನನ್ನ ಅಭಿಪ್ರಾಯ ಬೇರೆ: ಆತುರ ಬೇಡ. ನಿಮ್ಮ ಮಗಳಿಗೆ ಕಿವಿ ಚುರುಕು ಅಂತ ನೀವೇ ಬರೆದಿದ್ದೀರಿ. ಕೇಳಿ, ಮಾತಾಡಿ ಇನ್ನೊಂದು ಭಾಷೆ ಕಲಿಯುವವಳ ಕೈಯಿಂದ ಆ ಭಾಷೆಯನ್ನೇ ಕಿತ್ತುಕೊಳ್ಳುವುದು ಯಾಕೆ? ಅಂಕಗಳ ಭಾರ ಇಳಿಸಲು ಬೇಕೇ ಬೇಕು ಅನ್ನಿಸಿದಾಗ ಕೇಳಿ. ಅವಳನ್ನು ಕೇಳಿಯೇ ಕೇಳಿ.

ಪ್ರಶ್ನೆ (ಒಬ್ಬ ತಾಯಿ): ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಬರುವ ತನಕ ಶಾಲೆಗೆ ಸೇರಿಸಿಕೊಳ್ಳಲ್ಲ ಅಂತಾರೆ. ಹೌದಾ ಮೇಡಂ?

ಉತ್ತರ: ಅಲ್ಲಮ್ಮ. ದಾಖಲಾತಿಗೆ ಕಾರ್ಡು ಬೇಕಿಲ್ಲ. ಸ್ಕಾಲರ್‌ಶಿಪ್, ಸಾಧನ ಸಲಕರಣೆ, ಬಸ್ ಪಾಸ್, ಮಾಸಾಶನ ಇಂಥದ್ದಕ್ಕೆ ಕಾರ್ಡು ಬೇಕು, ಆದ್ದರಿಂದ ಮಾಡಿಸುವುದನ್ನು ತಡ ಮಾಡಬೇಡಿ. ಅಂಗವಿಕಲರಿಗೆ ನೆರವಾಗಲೆಂದೇ ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ತಾಲ್ಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಅರ್ಜಿ ಹಾಕುವುದರಿಂದ ಹಿಡಿದು ಡಾಕ್ಟರ್ ಬರುವ ದಿನ ತಿಳಿಸುವವರೆಗೆ ನೆರವು ಕೇಳಬಹುದು. ಅವರಲ್ಲಿ ಬಹಳ ಜನ ತಾವೇ ಅಂಗವಿಕಲರು. ಯಾವ ಕಚೇರಿಯ ಯಾವ ಮೆಟ್ಟಿಲು ಹತ್ತಬೇಕು ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಪ್ರಶ್ನೆ (ಒಬ್ಬ ಅಜ್ಜಿ, ಮೊಮ್ಮಗ ಟೈಪ್ ಮಾಡಿದ್ದು): ಅಮ್ಮಾ, ನನ್ನ ಮೊಮ್ಮಗಳಿಗೆ ಸೆರೆಬ್ರಲ್ ಪಾಲ್ಸಿ. 9 ವರ್ಷ. ನಡೆಯಲ್ಲ, ಕೈ ಸ್ವಲ್ಪ ಬರುತ್ತೆ, ಮಾತು ನಮಗೆ ಅರ್ಥ ಆಗುತ್ತೆ. ಶಾಲೆಯಲ್ಲಿ ಹೆಸರು ಇದೆ, ಆದರೆ ಮನೆಯಲ್ಲೇ ಇರಲಿ, ಮನೆಗೇ ಬಂದು ಪಾಠ ಮಾಡ್ತೀವಿ ಅಂದರು. ತಿಂಗಳಿಗೆ ಎರಡು ಸಲ ಬರ್ತಾರೆ. ಅವಳಿಗೆ ಶಾಲೆಗೆ ಹೋಗೋ ಆಸೆ. ಬೆಳಿಗ್ಗೆ ಮಕ್ಕಳು ಹೋಗೋದನ್ನ ಬಾಗಿಲಲ್ಲಿ ಕೂತು ನೋಡ್ತಾಳೆ.

ಉತ್ತರ: ಅಜ್ಜಿ, ನಮಸ್ಕಾರ. ಅವಳಿಗೆ ಆಸೆ ಇದೆ ಅಂದಮೇಲೆ ಅವಳು ಹೋಗಬೇಕು. ಅಲ್ಲಿಂದಲೇ ಶುರು ಮಾಡೋಣ.

ಗೃಹಾಧಾರಿತ ಶಿಕ್ಷಣ ಅನ್ನುವುದು 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಆದಾಗ ಬಂದದ್ದು. ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯಲು ಇಷ್ಟಪಟ್ಟರೆ ಅದಕ್ಕೂ ಹಕ್ಕಿದೆ ಎಂದು ಹೇಳುವ ಮಾತು ಅದು. ಶಾಲೆಗೆ ಕಷ್ಟ ಆಗುತ್ತದೆ ಎಂದು ಮಗುವನ್ನು ಮನೆಯಲ್ಲಿ ಬಿಡಲು ಕೊಟ್ಟ ಅನುಮತಿ ಅಲ್ಲ. ನಾವು ಬಿಐಇಆರ್‌ಟಿಗಳೂ ಇದರಲ್ಲಿ ತಪ್ಪು ಮಾಡುತ್ತೇವೆ, ಮನೆಯಲ್ಲಿ ಕಲಿಯುವವರ ಪಟ್ಟಿಗೆ ಹೆಸರು ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ಶಾಲೆಗೆ ಹೋಗಿ ಒಂದು ಮಾತು ಕೇಳಿ: ‘ಅವಳು ಬರಲು ಅಡ್ಡಿ ಏನು?’ ಮೆಟ್ಟಿಲು, ಕುರ್ಚಿ, ಶೌಚಾಲಯ, ಕರೆತರುವವರು. ಸಾಮಾನ್ಯವಾಗಿ ಇವೇ ಇರುತ್ತವೆ. ಎಲ್ಲಕ್ಕೂ ದಾರಿ ಇದೆ.

ಮೆಟ್ಟಿಲಿನದು ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜಾಸ್ತಿ ತಪ್ಪಾಗುತ್ತದೆ. ರ್‍ಯಾಂಪ್ ಕಟ್ಟುವಾಗ ಒಂದು ಇಂಚು ಎತ್ತರಕ್ಕೆ ಕನಿಷ್ಠ 12 ಇಂಚು ಉದ್ದ ಬೇಕು. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ. ಮೂರು ಮೆಟ್ಟಿಲಿದ್ದರೆ 18 ಅಡಿ. ನಾನು ಹೋದ ಒಂದು ಶಾಲೆಯಲ್ಲಿ ಮೂರು ಮೆಟ್ಟಿಲಿಗೆ ಐದಡಿಯ ರ್‍ಯಾಂಪ್ ಕಟ್ಟಿದ್ದರು. ಬಣ್ಣ ಎಲ್ಲ ಹೊಡೆದು ಚೆನ್ನಾಗಿತ್ತು. ಆ ಹುಡುಗಿಯ ಅಪ್ಪ ಗಾಲಿಕುರ್ಚಿ ತಳ್ಳಿದರು, ಅರ್ಧಕ್ಕೆ ಹೋಗಿ ಕಾಲು ಜಾರಿತು. ಕುರ್ಚಿ ಹಿಂದಕ್ಕೆ ಬಂದು ಅವರ ಎದೆಗೆ ಬಡಿಯಿತು. ಆ ಪುಣ್ಯಾತ್ಮ ಕುರ್ಚಿ ಬಿಡಲಿಲ್ಲ. ಅವತ್ತಿಂದ ಮಗಳನ್ನು ಎತ್ತಿಕೊಂಡೇ ಹತ್ತುತ್ತಿದ್ದರು. ಶಾಲೆಯ ದಾಖಲೆಯಲ್ಲಿ ಮಾತ್ರ ‘ರ್‍ಯಾಂಪ್ ಇದೆ’. ಹಾಗಾಗಿ ನಿಮ್ಮ ಶಾಲೆಯಲ್ಲಿ ಕಟ್ಟುವ ಮುಂಚೆ ಒಂದು ಹಗ್ಗ ಹಿಡಿದು ಅಳತೆ ಮಾಡಿಸಿ. ಅದು ಆಗುವ ತನಕ ಕಾಯಬೇಡಿ. ಅವಳ ಕ್ಲಾಸನ್ನು ಮೆಟ್ಟಿಲಿಲ್ಲದ ಕೋಣೆಗೆ ಬದಲಾಯಿಸಲು ಒಂದು ರೂಪಾಯಿಯೂ ಬೇಡ.

ಕುರ್ಚಿ ಬಗ್ಗೆ ಒಂದು ಗುಟ್ಟು. ಅವಳ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದರೆ ಕೈ ಬರೆಯುವುದಿಲ್ಲ. ಪಾದದ ಕೆಳಗೆ ಒಂದು ಹಲಗೆಯೋ ಎರಡು ಇಟ್ಟಿಗೆಯೋ ಇಟ್ಟು, ಬೆನ್ನಿಗೆ ಒತ್ತು ಕೊಟ್ಟು, ಮಣಿಕಟ್ಟು ಊರಲು ಎದುರಿಗೆ ಮೇಜು ಇಟ್ಟು ನೋಡಿ. ಮನೆಯಲ್ಲೇ ಇವತ್ತು ಮಾಡಬಹುದು. ಪೆನ್ಸಿಲ್ ಹಿಡಿಯಲು ಆಗದಿದ್ದರೆ ಅದಕ್ಕೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ.

ಕರೆತರುವವರಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆ ಎರಡೂ ಇವೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನವೂ ಇದೆ. ನಿಮ್ಮ ಬಿಆರ್‌ಸಿಯಲ್ಲಿ ಬರೆದು ಕೇಳಿ. ಅಲ್ಲಿಯೇ ಎಸ್‌ಆರ್‌ಪಿ (ಶಾಲಾ ಸಿದ್ಧತಾ) ಕೇಂದ್ರ ಇದ್ದರೆ ಫಿಸಿಯೋಥೆರಪಿ ಯಾವ ದಿನ ಅಂತಲೂ ಕೇಳಿಕೊಳ್ಳಿ. ಮೊದಲಿಗೆ ವಾರಕ್ಕೆ ಎರಡು ದಿನ, ಅರ್ಧ ದಿನ ಹೋಗಲಿ. ಮನೆಗೆ ಬರುವ ಸ್ವಯಂಸೇವಕರು ಬರುವುದನ್ನು ನಿಲ್ಲಿಸಬೇಡಿ, ಎರಡೂ ಜೊತೆಗೆ ನಡೆಯಲಿ.

ಪ್ರಶ್ನೆ (ಒಬ್ಬ ಪೋಷಕರು): ತಪ್ಪು ತಿಳಿಯಬೇಡಿ. ನನ್ನ ಮಗನಿಗೆ ಯಾವ ತೊಂದರೆಯೂ ಇಲ್ಲ. ಅವನ ಕ್ಲಾಸಿನಲ್ಲಿ ಇಂಥ ಒಂದು ಮಗು ಇದೆ. ಟೀಚರ್ ಸಮಯ ಎಲ್ಲ ಅಲ್ಲಿಗೇ ಹೋದರೆ ನಮ್ಮ ಮಕ್ಕಳ ಗತಿ ಏನು?

ಉತ್ತರ: ತಪ್ಪು ತಿಳಿಯಲ್ಲ ಸರ್, ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಳಗೊಳಗೇ ದೂರುವವರೇ ಜಾಸ್ತಿ. ನೀವು ಕೇಳಿದಿರಿ.

ಟೀಚರ್ ಒಬ್ಬರೇ ಇದ್ದು, ನೆರವಿಗೆ ಯಾರೂ ಬರದಿದ್ದರೆ ಸಮಯ ಹೋಗುವುದು ನಿಜ. ಅದಕ್ಕೆ ಆ ಮಗುವನ್ನು ಕಳಿಸಬೇಕಿಲ್ಲ, ನೆರವನ್ನು ತರಿಸಬೇಕು. ಎಸ್‌ಡಿಎಂಸಿ ಅಥವಾ ಪೋಷಕರ ಸಭೆಯಲ್ಲಿ ‘ನಮ್ಮ ಶಾಲೆಗೆ ಸಂಪನ್ಮೂಲ ಶಿಕ್ಷಕರು ನಿಯಮಿತವಾಗಿ ಬರಬೇಕು’ ಎಂದು ನಿರ್ಣಯ ಬರೆಸಿ. ಆ ಮಗುವಿನ ಅಮ್ಮ ಒಬ್ಬಳೇ ಕೇಳಿದರೆ ಒಂದು ಸಹಿ. ನೀವೂ ಕೇಳಿದರೆ ಇಡೀ ಕ್ಲಾಸಿನ ಸಹಿ. ನಾನು ಕಂಡ ಹಾಗೆ ಅಧಿಕಾರಿಗಳು ಬೇಗ ಎದ್ದದ್ದು ಇಂಥ ಸಹಿಗಳಿಗೇ.

ನಿಮ್ಮ ಮಗನ ಕಲಿಕೆ ವಿಷಯ. ಶ್ರವಣದೋಷ ಇರುವ ಮಗುವಿಗಾಗಿ ಟೀಚರ್ ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟು ಮಕ್ಕಳ ಕಡೆ ಮುಖ ಮಾಡಿ ನಿಧಾನಕ್ಕೆ ಹೇಳುತ್ತಾರೆ. ಅದು ಹಿಂದಿನ ಸಾಲಿನಲ್ಲಿರುವ ನಿಮ್ಮ ಮಗನಿಗೂ ಕೇಳಿಸುತ್ತದೆ. ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಗೆಳೆಯನಿಗೆ ಹೇಳಿಕೊಡುವ ಮಗುವಿಗೆ ಆ ಪಾಠ ಮರೆಯುವುದೇ ಇಲ್ಲ. ಒಂದು ದಿನ ಕ್ಲಾಸಿಗೆ ಹೋಗಿ ಕೂತು ನೋಡಿ ಸರ್. 11 ಗಂಟೆಗೆ ಹೋಗಿ.

ಮೊದಲ ಪ್ರಶ್ನೆಯ ತಾಯಿ: ಮೇಡಂ, ಅರ್ಜಿ ಕೊಟ್ಟೆ. ಸೀಲು ಹಾಕಿಕೊಟ್ಟರು. ಮರುದಿನವೇ ಫೋನ್ ಬಂತು, ಸೇರಿಸಿಕೊಳ್ಳುತ್ತೇವೆ ಅಂದರು! ಆದರೆ ನಾನು ದಿನವಿಡೀ ಅವಳ ಜೊತೆ ಕ್ಲಾಸಿನಲ್ಲಿ ಕೂರಬೇಕಂತೆ, ‘ವಿಶೇಷ ಕಾಳಜಿ’ ಅಂತ ಫೀಸು ಬೇರೆ ಜಾಸ್ತಿ ಅಂತೆ. ಒಪ್ಪಿಕೊಳ್ಳಲಾ?

ಉತ್ತರ: ಓದಿ ತುಂಬಾ ಸಂತೋಷ ಆಯಿತಮ್ಮ. ಮಗಳಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ.

ಹೆಚ್ಚಿನ ಫೀಸಿಗೆ ಒಪ್ಪಬೇಡಿ. ವೈಕಲ್ಯ ಇದೆ ಅನ್ನುವ ಕಾರಣಕ್ಕೆ ಜಾಸ್ತಿ ಕೇಳುವುದೂ ತಾರತಮ್ಯವೇ. ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಕರ್ತವ್ಯ. ಇದನ್ನೂ ಬರೆದೇ ಕೇಳಿ: ‘ಯಾವ ಶೀರ್ಷಿಕೆಯಲ್ಲಿ ಈ ಮೊತ್ತ, ಶುಲ್ಕದ ಪಟ್ಟಿಯಲ್ಲಿ ಎಲ್ಲಿದೆ?’

ನೀವು ಕೂರುವ ವಿಷಯದಲ್ಲಿ ಸ್ವಲ್ಪ ಬಗ್ಗಿ. ಎರಡು ವಾರ ಕೂರುತ್ತೇನೆ ಅನ್ನಿ. ಮೊದಲ ವಾರ ಅವಳ ಪಕ್ಕದಲ್ಲಿ. ಎರಡನೇ ವಾರ ಕ್ಲಾಸಿನ ಹಿಂದೆ. ಆಮೇಲೆ ಆಫೀಸಿನ ಹತ್ತಿರ, ಆಮೇಲೆ ಮನೆಗೆ. ಅವಳು ನೀರು ಕೇಳುವುದು ಹೇಗೆ, ಶೌಚಾಲಯಕ್ಕೆ ಹೋಗಬೇಕು ಅಂತ ಹೇಗೆ ಹೇಳುತ್ತಾಳೆ, ಬೇಜಾರಾದರೆ ಏನು ಮಾಡುತ್ತಾಳೆ, ಏನು ಕೊಟ್ಟರೆ ಖುಷಿ ಅಂತ ಒಂದು ಪುಟ ಬರೆದು ಟೀಚರಿಗೆ ಕೊಡಿ. ಅಮ್ಮ ಪಕ್ಕದಲ್ಲೇ ಇದ್ದರೆ ಟೀಚರ್ ಅಮ್ಮನ ಜೊತೆ ಮಾತಾಡುತ್ತಾರೆ, ಮಗುವಿನ ಜೊತೆ ಮಾತಾಡುವುದಿಲ್ಲ. ಬೇರೆ ಮಕ್ಕಳೂ ಹತ್ತಿರ ಬರಲ್ಲ. ಹಾಗಾಗಿ ನೀವು ಬೇಗ ಹೊರಗೆ ಬರಬೇಕು.

ಇನ್ನೊಂದನ್ನು ಈಗಲೇ ಕೇಳಿಟ್ಟುಕೊಳ್ಳಿ: ಆಟದ ಪೀರಿಯಡ್, ವಾರ್ಷಿಕೋತ್ಸವ, ಪ್ರವಾಸ. 16ನೇ ಸೆಕ್ಷನ್‌ನಲ್ಲಿ ಪಾಠದ ಜೊತೆಗೇ ಆಟ, ಮನರಂಜನೆಯಲ್ಲೂ ಸಮಾನ ಅವಕಾಶ ಎಂದಿದೆ. ವಾರ್ಷಿಕೋತ್ಸವದಲ್ಲಿ ಅತಿಥಿಗೆ ಹೂ ಕೊಡುವುದಕ್ಕೆ ಮಾತ್ರ ಅವಳನ್ನು ಕರೆದರೆ ಒಪ್ಪಬೇಡಿ. ಡ್ಯಾನ್ಸಿನ ಸಾಲಿನಲ್ಲಿ ಅವಳಿಗೂ ಜಾಗ ಇರಲಿ, ಹೆಜ್ಜೆ ತಪ್ಪಿದರೆ ತಪ್ಪಲಿ.

ನಲಿ-ಕಲಿ ಶಿಕ್ಷಕರು: ಮೇಡಂ, ಗೇಟಿಗೆ ಚಿಲಕ ಆಯಿತು. ಮೂರು ದಿನದ ಚೀಟಿ ಇಲ್ಲಿದೆ. ಸೋಮವಾರ 10:40, ಹಾಡು ಮುಗಿಯಿತು. ಮಂಗಳವಾರ 10:35, ಹಾಡು ಮುಗಿಯಿತು. ಬುಧವಾರ ಹಾಡು ಹೇಳಿಸಲಿಲ್ಲ, ಓಡಲೂ ಇಲ್ಲ, ಆದರೆ 12ಕ್ಕೆ ಗಣಿತ ಕಾರ್ಡು ತೆಗೆದುಕೊಳ್ಳುವಾಗ ಎದ್ದ. ಹಾಡು ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಹಾಡು ಮುಗಿದ ಕೂಡಲೇ ಎಲ್ಲ ಮಕ್ಕಳೂ ಒಟ್ಟಿಗೆ ಕಾರ್ಡಿನ ಕಡೆ ನುಗ್ಗುತ್ತಾರೆ. ಅವನು ಕೂರುವುದು ಅದೇ ದಾರಿಯಲ್ಲಿ. ಮಕ್ಕಳು ತಾಗಿಕೊಂಡು, ದಾಟಿಕೊಂಡು ಹೋಗುತ್ತಾರೆ.

ಉತ್ತರ: ಸರ್, ನೀವೇ ಕಂಡುಹಿಡಿದಿರಿ! ಹಾಡಲ್ಲ, ನೂಕು. ನಾಳೆ ಅವನ ಚಾಪೆಯನ್ನು ಕಾರ್ಡಿನ ಜಾಗದಿಂದ ದೂರದ ಗೋಡೆಗೆ, ಕಿಟಕಿ ಪಕ್ಕಕ್ಕೆ ಹಾಕಿ. ಹಾಡು ಶುರುವಾಗುವ ಮುಂಚೆಯೇ ಅವನ ಕಾರ್ಡು ಅವನ ಎದುರಿಗಿರಲಿ. ಉಳಿದವರನ್ನು ತಟ್ಟೆ ತಟ್ಟೆಯಾಗಿ ಕಳಿಸಿ, ಒಟ್ಟಿಗೆ ಬೇಡ. ಹತ್ತು ದಿನ ಹೀಗೇ ಮಾಡಿ, ಓಡಿದ ಹೊತ್ತು ಬರೆಯುವುದನ್ನು ಬಿಡಬೇಡಿ. ಮತ್ತೆ ಓಡಿದರೆ ಜಾಗ ಇನ್ನೊಂದು ಸಲ ಬದಲಿಸೋಣ. ಅವನು ಯಾವ ಕಾರ್ಡಿನ ಮೇಲೆ ಹೆಚ್ಚು ಹೊತ್ತು ಕೂತ ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆದು ಹಾಕಿ.